ಹಿಮ್ಮಡಿ ನೋಡಿದಿರಾ? ವೃದ್ಧರ ವಸತಿಗಳಲ್ಲಿ ಆರೈಕೆಯ ಗುಣ ಅಳೆಯುವ ಬಗೆ



ಈ ದತ್ತಿ ಉಪನ್ಯಾಸಕ್ಕೆ ಆಹ್ವಾನಿಸಿದಾಗ ಈ ಶುಶ್ರೂಷಾ ಕಾಲೇಜಿನ ಪ್ರಾಂಶುಪಾಲರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ನಾನು 36 ವರ್ಷ ಶುಶ್ರೂಷೆಯ ಕೆಲಸದಲ್ಲಿದ್ದವಳು. ಮೊದಲು ಜಿಲ್ಲಾ ಆಸ್ಪತ್ರೆಯ ವಾರ್ಡುಗಳಲ್ಲಿ, ಆಮೇಲೆ ತರಗತಿಯಲ್ಲಿ. ಹೆರಿಗೆ, ಸುಟ್ಟಗಾಯ, ಸೋಂಕು ನಿಯಂತ್ರಣ, ಇವೆಲ್ಲದರ ಬಗ್ಗೆ ಸಭೆಗಳಲ್ಲಿ ಮಾತಾಡಿದ್ದೇನೆ. ವಯಸ್ಸಾದವರು ತಮ್ಮ ಕೊನೆಯ ವರ್ಷಗಳನ್ನು ಕಳೆಯುವ ವಸತಿಗಳ ಬಗ್ಗೆ ಮಾತ್ರ ಒಮ್ಮೆಯೂ ಬಾಯಿ ತೆರೆದಿರಲಿಲ್ಲ. ಇವತ್ತು ಅದನ್ನೇ ಎತ್ತಿಕೊಂಡಿದ್ದೇನೆ. ಅಂಥ ಒಂದು ಮನೆಯಲ್ಲಿ ಆರೈಕೆ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಮಾತಿನ ಹರವನ್ನು ಮೊದಲೇ ಹೇಳಿಬಿಡುತ್ತೇನೆ. ಎಂಥ ಸಂಸ್ಥೆಗಳ ವಿಷಯ ಇದು ಎಂಬುದನ್ನು ಸ್ಪಷ್ಟಮಾಡಿಕೊಂಡು, ಹಾಸಿಗೆಯಲ್ಲಿರುವವರ ಮೈ ಏನು ಹೇಳುತ್ತದೆ ಎಂದು ನೋಡೋಣ. ಅಲ್ಲಿಂದ ಆ ಮೈಯನ್ನು ಮುಟ್ಟುವ ಕೈಗಳ ಕಡೆಗೆ ಹೋಗೋಣ. ಆಮೇಲೆ ಅಲ್ಲಿ ವಾಸಿಸುವವರ ಇಷ್ಟಾನಿಷ್ಟ. ಕೊನೆಗೆ ಕಾನೂನು, ತಪಾಸಣೆ. ಮೈ ಮತ್ತು ಕೈಗಳ ವಿಷಯಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ನನಗೆ ಗೊತ್ತಿರುವುದು ಅದು.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ, ಹರ್ನಿಯಾ, ಅಪೆಂಡಿಕ್ಸ್ ಆಪರೇಷನ್ ನಡೆಯುವ ಹತ್ತಿಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ನಾಲ್ಕು ದಿನ ಇದ್ದು ಬಿಲ್ ಕಟ್ಟಿ ಮನೆಗೆ ಹೋಗುವ ಜಾಗ. ಅದಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ನೋಂದಣಿ ಇದೆ. ಅಮೆರಿಕದಲ್ಲಿ ಇದೇ ಪದಕ್ಕೆ ಅರ್ಥ ಬೇರೆ. ಎದ್ದು ಓಡಾಡಲಾರದ, ಸ್ನಾನ ಊಟಕ್ಕೆ ಇನ್ನೊಬ್ಬರ ಕೈ ಬೇಕಾದ ಹಿರಿಯರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಮನೆ ಅದು. ನಾನು ಮಾತಾಡುತ್ತಿರುವುದು ಈ ಎರಡನೆಯದರ ಬಗ್ಗೆ.

ನಮ್ಮಲ್ಲಿ ಅದಕ್ಕೆ ವೃದ್ಧಾಶ್ರಮ, ಹಿರಿಯರ ಮನೆ, ಎಲ್ಡರ್ ಕೇರ್, ಅಸಿಸ್ಟೆಡ್ ಲಿವಿಂಗ್ ಎಂದು ನಾನಾ ಬೋರ್ಡುಗಳಿವೆ. ಬಹಳ ಕಡೆ ಅರ್ಜಿ ನಮೂನೆಯಲ್ಲಿ ‘ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ ಪ್ರವೇಶ’ ಎಂಬ ಸಾಲು ಇರುತ್ತದೆ. 72ನೇ ವಯಸ್ಸಿನಲ್ಲಿ ಸೂಟ್‌ಕೇಸು ಹಿಡಿದು ನಡೆದು ಬಂದವರು 81ಕ್ಕೆ ಸೊಂಟ ಮುರಿದುಕೊಂಡು ಮಲಗುತ್ತಾರೆ. ಅವರನ್ನು ಹೊರಗೆ ಹಾಕಲಾಗುವುದಿಲ್ಲ. ಅಡುಗೆಯವರು ಅವರೇ, ಆಯಾ ಅವರೇ, ಕೊಠಡಿ ಅದೇ. ಕೆಲಸ ಮಾತ್ರ ಆಸ್ಪತ್ರೆಯದು. ಹೀಗೆ ಎಷ್ಟೋ ವೃದ್ಧಾಶ್ರಮಗಳು ಒಂದು ದಿನ ತಮಗೇ ಗೊತ್ತಿಲ್ಲದೆ ನರ್ಸಿಂಗ್ ಹೋಮ್ ಆಗಿಬಿಟ್ಟಿರುತ್ತವೆ.

2011ರ ಜನಗಣತಿಯ ಪ್ರಕಾರ 60 ದಾಟಿದವರು ದೇಶದಲ್ಲಿ 10 ಕೋಟಿ 38 ಲಕ್ಷ. ಕರ್ನಾಟಕದಲ್ಲಿ ಸುಮಾರು 58 ಲಕ್ಷ. ಇವರಲ್ಲಿ ಬಹುಪಾಲು ಜನ ಮನೆಯಲ್ಲೇ ಇದ್ದಾರೆ, ಇರುತ್ತಾರೆ. ಆದರೆ ಮಕ್ಕಳು ಒಬ್ಬರೋ ಇಬ್ಬರೋ ಆಗಿ, ಅವರೂ ಬೆಂಗಳೂರಿಗೋ ಡಲ್ಲಾಸಿಗೋ ಹೋದ ಮೇಲೆ, ಇಂಥ ವಸತಿಗಳನ್ನು ಹುಡುಕುವ ಕುಟುಂಬಗಳು ಹೆಚ್ಚುತ್ತಿವೆ. ತಂದೆತಾಯಿಯನ್ನು ಅಲ್ಲಿ ಬಿಡುವುದು ಸರಿಯೇ ತಪ್ಪೇ ಎಂಬ ಚರ್ಚೆಗೆ ನಾನು ಇವತ್ತು ಹೋಗುವುದಿಲ್ಲ. ಆ ಚರ್ಚೆ ನಮ್ಮಲ್ಲಿ ಎಷ್ಟು ಜೋರಾಗಿ ನಡೆಯುತ್ತದೆಂದರೆ, ಬಿಟ್ಟ ಮೇಲೆ ಅಲ್ಲಿ ಏನಾಗುತ್ತದೆ ಎಂದು ಕೇಳುವವರೇ ಇಲ್ಲವಾಗುತ್ತಾರೆ.

ಈಗ ನನ್ನ ಮನೆಯದೇ ಒಂದು ಸಂಗತಿ ಹೇಳಬೇಕು. ಹೇಳದೆ ಈ ವಿಷಯ ಮಾತಾಡುವ ಹಕ್ಕು ನನಗಿಲ್ಲ ಎನಿಸುತ್ತದೆ.

ನನ್ನ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಲಕ್ವ ಹೊಡೆದು ಎಡಭಾಗ ಸೋತ ಮೇಲೆ, ಅಣ್ಣ ಅತ್ತಿಗೆ ಇಬ್ಬರಿಗೂ ಆರೋಗ್ಯ ಸರಿಯಿಲ್ಲದ ಕಾರಣ, ಎಲ್ಲರೂ ಕೂತು ಯೋಚಿಸಿ ಮೈಸೂರಿನ ಒಂದು ವಸತಿಗೆ ಸೇರಿಸಿದೆವು. ಗ್ರಾನೈಟ್ ನೆಲ, ಎದುರಿಗೆ ತುಳಸಿಕಟ್ಟೆ, ಸ್ವಾಗತ ಕೋಣೆಯಲ್ಲಿ ದೊಡ್ಡ ದೀಪ. ನಾನು ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಹೋಗುತ್ತಿದ್ದೆ. ಅಮ್ಮ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಮುಖಕ್ಕೆ ಪೌಡರ್ ಹಚ್ಚಿ, ಕಾಲಿಗೆ ಉಣ್ಣೆಯ ಕಾಲ್ಚೀಲ ಹಾಕಿಸಿಕೊಂಡು ಕುಳಿತಿರುತ್ತಿದ್ದಳು. ‘ಎಲ್ಲಾ ಚೆನ್ನಾಗ್ ನೋಡ್ಕೋತಾರಾ ಅಮ್ಮಾ?’ ಎಂದರೆ ‘ಹೂಂ, ಚೆನ್ನಾಗ್ ನೋಡ್ಕೋತಾರೆ’ ಎನ್ನುತ್ತಿದ್ದಳು. ನಾನು ಸಮಾಧಾನದಿಂದ ಬಸ್ಸು ಹತ್ತುತ್ತಿದ್ದೆ.

ಒಂದು ಭಾನುವಾರ ಹೊರಡುವಾಗ, ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಆಯಾ ತಲೆ ಎತ್ತದೆ, ‘ಮೇಡಂ, ಅಮ್ಮನ ಕಾಲ್ಚೀಲ ಒಂದ್ಸಲ ಬಿಚ್ಚಿ ನೋಡಿ. ನಾನ್ ಹೇಳ್ದೆ ಅಂತ ಮಾತ್ರ ಹೇಳ್ಬೇಡಿ’ ಎಂದಳು. ವಾಪಸ್ ಹೋಗಿ ಬಿಚ್ಚಿದೆ. ಎಡಗಾಲ ಹಿಮ್ಮಡಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಹಕ್ಕಳೆ. ಅದರ ಅಂಚಿನಲ್ಲಿ ಕೀವು. ಕಾಲ್ಚೀಲದ ಉಣ್ಣೆ ಅದಕ್ಕೆ ಅಂಟಿಕೊಂಡಿತ್ತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಹೋಗಿತ್ತು, ಆದ್ದರಿಂದ ಅವಳಿಗೆ ನೋವಾಗಿರಲಿಲ್ಲ. ಅಷ್ಟು ವರ್ಷ ಮಕ್ಕಳಿಗೆ ಹಾಸಿಗೆ ಹುಣ್ಣಿನ ಪಾಠ ಹೇಳಿದ ನಾನು, ವಾರಗಟ್ಟಲೆ ಆ ಹಿಮ್ಮಡಿಯಿಂದ ಒಂದು ಮೊಳ ದೂರದಲ್ಲಿ ಕುಳಿತು, ಅಮ್ಮನ ಮುಖ ನೋಡಿಕೊಂಡು ಬಂದಿದ್ದೆ.

ಆ ದಿನದಿಂದ ನನ್ನನ್ನು ಹಿಡಿದಿರುವ ಮಾತು ಒಂದೇ. ಇಂಥ ಮನೆಗಳಲ್ಲಿ ದುಡ್ಡು ಕೊಡುವವರು ಬೇರೆ, ಇರುವವರು ಬೇರೆ. ಮನೆ ಸಿಂಗಾರಗೊಳ್ಳುವುದು ದುಡ್ಡು ಕೊಡುವವರ ಕಣ್ಣಿಗೆ. ಇರುವವರು, ಸಂಜೆಗೆ ಮತ್ತೆ ಅದೇ ಜನರ ಕೈಗೆ ಬೀಳಬೇಕಾದವರು, ಬಾಯಿ ಬಿಡುವುದಿಲ್ಲ. ಅಮೆರಿಕದಲ್ಲಿರುವ ಮಗನಿಗೆ ವಾಟ್ಸ್ಆ್ಯಪ್ ವಿಡಿಯೋದಲ್ಲಿ ಕಾಣುವುದೂ ಮುಖವೇ. ಹಾಗಾಗಿ ಗುಣ ಅಳೆಯಬೇಕಾದರೆ ನಾವು ನಿಂತಿರುವ ಜಾಗ ಬಿಟ್ಟು ಹಾಸಿಗೆಯ ಪಕ್ಕಕ್ಕೆ ಹೋಗಬೇಕು.

ಇದಕ್ಕೆ ಒಂದು ಚೌಕಟ್ಟು ಇದೆ. ವಿದ್ಯಾರ್ಥಿಗಳು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ. ಬೈರೂತಿನಲ್ಲಿ ಹುಟ್ಟಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು 1966ರಲ್ಲಿ ಬರೆದ ಪ್ರಬಂಧದಲ್ಲಿ, ಆರೈಕೆಯ ಗುಣವನ್ನು ಮೂರು ಕಡೆಯಿಂದ ನೋಡಬಹುದು ಎಂದು ತೋರಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ಏನಿದೆ, ಏನು ಮಾಡುತ್ತಾರೆ, ಏನಾಯಿತು. ಒಂದು ತೂಕದ ಯಂತ್ರವನ್ನೇ ತೆಗೆದುಕೊಳ್ಳಿ. ಮೂಲೆಯಲ್ಲಿ ಯಂತ್ರ ಇದೆ ಎಂಬುದು ಮೊದಲನೆಯದು. ತಿಂಗಳಿಗೊಮ್ಮೆ ಎಲ್ಲರನ್ನೂ ತೂಗಿ ಬರೆದಿಡುತ್ತಾರೆ, ತೂಕ ಇಳಿದವರ ಊಟ ಬದಲಿಸುತ್ತಾರೆ ಎಂಬುದು ಎರಡನೆಯದು. ಇಳಿದ ತೂಕ ಮತ್ತೆ ಏರಿತೇ ಎಂಬುದು ಮೂರನೆಯದು. ವಸತಿಗಳ ಬಣ್ಣದ ಪುಸ್ತಿಕೆಗಳಲ್ಲಿ ನಮಗೆ ತೋರಿಸುವುದು ಮೊದಲನೆಯದನ್ನು ಮಾತ್ರ.

ಇಲ್ಲಿಂದ ಮೈಯ ವಿಷಯಕ್ಕೆ ಬರುತ್ತೇನೆ.

ಹಾಸಿಗೆ ಹುಣ್ಣನ್ನು ನಾನು ಮೊದಲಿಗೆ ಇಡುತ್ತೇನೆ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಹೋಗದೆ ಅದು ಸಾಯುತ್ತದೆ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ಕಿವಿಯ ಅಂಚು, ಇವು ಅದರ ಜಾಗಗಳು. 1987ರಲ್ಲಿ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ಶುಶ್ರೂಷಾ ಅಧ್ಯಾಪಕಿಯರು ಇದರ ಅಪಾಯ ಅಳೆಯುವ ಮಾಪಕವೊಂದನ್ನು ಪ್ರಕಟಿಸಿದರು. ಸ್ಪರ್ಶ, ತೇವ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಆಹಾರ, ಉಜ್ಜಾಟ ಎಂಬ ಆರು ಅಂಶಗಳು. ಒಟ್ಟು 6ರಿಂದ 23 ಅಂಕ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ ಎಂದರ್ಥ. ಒಂದು ಹಾಳೆ, ಒಂದು ಪೆನ್ನು, ಐದು ನಿಮಿಷ ಸಾಕು. ಯಾವ ಯಂತ್ರವೂ ಬೇಡ. ಹೀಗಿದ್ದೂ ನಾನು ಹೋಗಿ ನೋಡಿದ ವಸತಿಗಳಲ್ಲಿ ಈ ಹಾಳೆಯನ್ನು ತುಂಬಿ ಇಟ್ಟವರು ಅಪರೂಪ.

ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ಹುಣ್ಣಿನ ಮೊದಲ ಹಂತ ಎಂದರೆ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಮಚ್ಚೆ ಎಂದು ಪಠ್ಯಪುಸ್ತಕ ಹೇಳುತ್ತದೆ, ಪಕ್ಕದಲ್ಲಿ ಬಿಳಿ ಚರ್ಮದ ಚಿತ್ರ ಇರುತ್ತದೆ. ನಮ್ಮ ಅಜ್ಜಿಯರ ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬೆಚ್ಚಗೋ ತಣ್ಣಗೋ ಇರಬಹುದು, ಗಟ್ಟಿಯಾಗಿಯೋ ಹಿಟ್ಟಿನಂತೆ ಮೆತ್ತಗೋ ಇರಬಹುದು. ಅದನ್ನು ಬೆರಳಿನಿಂದಲೇ ತಿಳಿಯಬೇಕು. ಸ್ನಾನ ಮಾಡಿಸುವ ಆಯಾಗೆ ಇದನ್ನು ಕಲಿಸಿದ್ದಾರೆಯೇ ಎಂಬುದು ನನ್ನ ಲೆಕ್ಕದಲ್ಲಿ ಗ್ರಾನೈಟ್ ನೆಲಕ್ಕಿಂತ ದೊಡ್ಡ ಪ್ರಶ್ನೆ.

ಎರಡನೆಯದು ತೂಕ. ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು, ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ಇಳಿದರೆ ಅದನ್ನು ಗಂಭೀರವೆಂದು ಎಣಿಸುತ್ತಾರೆ. 50 ಕಿಲೋ ಇರುವ ಅಜ್ಜಿ ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರೆ ‘ವಯಸ್ಸಾಯ್ತಲ್ಲ’ ಎಂದು ಬಿಡುವಂತಿಲ್ಲ. ಹಲ್ಲಿನ ಸೆಟ್ ಸಡಿಲವಾಗಿದೆಯೇ, ನುಂಗಲು ಕಷ್ಟವೇ, ತಟ್ಟೆ ಇಟ್ಟುಹೋದವರು ತಿನ್ನಿಸಲು ವಾಪಸ್ ಬಂದರೇ, ಒಂದೊಂದಾಗಿ ನೋಡಬೇಕು.

ಇನ್ನು ನೀರು. ಲೋಟದಲ್ಲಿ ನೀರು ಇದೆಯೇ ಎಂದಷ್ಟೇ ನೋಡಿದರೆ ಸಾಲದು, ಕೈಗೆ ಎಟಕುತ್ತದೆಯೇ ಎಂದು ನೋಡಬೇಕು. ಎಡಗೈ ಸೋತವರಿಗೆ ಎಡಗಡೆ ಇಟ್ಟ ಲೋಟ ಪಕ್ಕದ ಊರಿನಲ್ಲಿದ್ದಂತೆ. ಇನ್ನೊಂದು ಕಡೆಯೂ ಇದೆ: ಹೆಚ್ಚು ನೀರು ಕುಡಿದರೆ ಹೆಚ್ಚು ಸಲ ಬಟ್ಟೆ ಬದಲಿಸಬೇಕಾಗುತ್ತದೆಂದು ಸಂಜೆಯ ಮೇಲೆ ನೀರು ಕೊಡದಿರುವುದನ್ನು ನಾನು ಕಂಡಿದ್ದೇನೆ. ನಾಲಿಗೆ ಒಣಗಿ, ಮೂತ್ರದ ಸೋಂಕು ಹತ್ತಿ, ರಾತ್ರಿ ಅಜ್ಜಿ ಬಡಬಡಿಸತೊಡಗಿದರೆ ಅದನ್ನು ಅರುಳುಮರುಳು ಎನ್ನುತ್ತಾರೆ. ಶಾಂತವಾಗಿರಲೆಂದು ಮಾತ್ರೆ ಬರುತ್ತದೆ. ಮರೆವಿನ ಕಾಯಿಲೆಯ ಹಿರಿಯರಿಗೆ ಕೊಡುವ ಇಂಥ ಕೆಲವು ಮನೋರೋಗದ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ಆಡಳಿತ 2005ರಲ್ಲೇ ಕಟ್ಟೆಚ್ಚರ ಕೊಟ್ಟಿದೆ. ಹಾಗಾಗಿ ಹಗಲು ಹನ್ನೊಂದಕ್ಕೆ ಒಂದು ವಾರ್ಡಿನ ಎಲ್ಲರೂ ತೂಕಡಿಸುತ್ತಿದ್ದರೆ ಅದನ್ನು ನೆಮ್ಮದಿ ಎಂದುಕೊಳ್ಳಬೇಡಿ. ಮಾತ್ರೆಯ ಚೀಟಿ ಕೇಳಿ ನೋಡಿ. ಮಂಚಕ್ಕೋ ಕುರ್ಚಿಗೋ ಸೀರೆಯ ತುಂಡಿನಿಂದ ಕಟ್ಟಿದ್ದರೆ, ಯಾರು ಬರೆದುಕೊಟ್ಟರು, ಎಷ್ಟು ಹೊತ್ತಿಗೊಮ್ಮೆ ಬಿಚ್ಚುತ್ತೀರಿ ಎಂದು ಕೇಳಿ.

ಉಗುರು, ಕಿವಿಯ ಹಿಂದಿನ ಮಡಿಕೆ, ಕನ್ನಡಕದ ಗಾಜು, ಶ್ರವಣಯಂತ್ರದ ಬ್ಯಾಟರಿ, ಇವೂ ಹೇಳಬೇಕಾದ್ದನ್ನು ಹೇಳುತ್ತವೆ.

ಇಷ್ಟು ಮೈಯ ವಿಷಯ. ಇನ್ನು ಕೈಗಳ ವಿಷಯಕ್ಕೆ ಹೋಗೋಣ. ನನ್ನ ಮಟ್ಟಿಗೆ ಈ ಉಪನ್ಯಾಸದ ತಿರುಳು ಇಲ್ಲಿದೆ.

ಒಂದು ಸರಳ ಲೆಕ್ಕ ಮಾಡೋಣ. 20 ಜನ ಹಿರಿಯರಿರುವ ಒಂದು ಮನೆ. ಅದರಲ್ಲಿ ಆರು ಜನ ಮಗ್ಗುಲು ತಾವೇ ಬದಲಿಸಲಾರರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎರಡು ಗಂಟೆಗೊಮ್ಮೆ ಎಂದರೆ ಒಬ್ಬೊಬ್ಬರಿಗೆ ನಾಲ್ಕು ಸಲ, ಒಟ್ಟು 24 ಸಲ ಮಗ್ಗುಲು ಬದಲಿಸಬೇಕು. ಒದ್ದೆಯಾದ ಬಟ್ಟೆ ತೆಗೆದು, ಒರೆಸಿ, ಒಣ ಬಟ್ಟೆ ಹಾಕಿ, ದಿಂಬು ಕೊಟ್ಟು ಮಲಗಿಸಲು ಒಂದು ಸಲಕ್ಕೆ 15 ನಿಮಿಷ ಹಿಡಿಯಿರಿ. 360 ನಿಮಿಷ, ಆರು ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ ಉಳಿದದ್ದು ಎರಡು ಗಂಟೆ. ಅಷ್ಟರಲ್ಲಿ ಉಳಿದ 14 ಜನರನ್ನು ಬಚ್ಚಲಿಗೆ ಕರೆದೊಯ್ಯಬೇಕು. ಇದೆಲ್ಲ ಒಬ್ಬಳೇ ಮಾಡಿದರೆ. ಆದರೆ 70 ಕಿಲೋ ತೂಕದ ಮನುಷ್ಯನನ್ನು ಒಬ್ಬಳೇ ಮಗ್ಗುಲು ಬದಲಿಸಲು ಹೋದರೆ ಎತ್ತಲಾಗದೆ ಎಳೆಯುತ್ತಾಳೆ. ಎಳೆದಾಗ ಚರ್ಮ ಹಾಸಿಗೆಗೆ ಉಜ್ಜಿ ಹರಿಯುತ್ತದೆ, ಅವಳ ಸೊಂಟವೂ ಹೋಗುತ್ತದೆ. ಇಬ್ಬರು ಬೇಕೇ ಬೇಕು. ರಾತ್ರಿ ಒಬ್ಬಳೇ ಇರುವ ಮನೆಯ ರಿಜಿಸ್ಟರಿನಲ್ಲಿ 24 ಕಡೆಯೂ ಟಿಕ್ ಬಿದ್ದಿದ್ದರೆ, ಆ ಹುಡುಗಿಯನ್ನು ಸುಳ್ಳುಗಾರ್ತಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಮಾಡಲಾಗದ ಕೆಲಸ ಕೊಟ್ಟು ಟಿಕ್ ಹಾಕಿಸಿದವರನ್ನು ಕೇಳಬೇಕು.

ಆದ್ದರಿಂದ ವಸತಿ ನೋಡಲು ಹೋದವರು ಮ್ಯಾನೇಜರನ್ನು ಕೇಳಬೇಕಾದ ಮೊದಲ ಪ್ರಶ್ನೆ: ರಾತ್ರಿ ಎರಡು ಗಂಟೆಗೆ ಇಲ್ಲಿ ಎಚ್ಚರವಾಗಿ ಎಷ್ಟು ಜನ ಇರುತ್ತಾರೆ? ಆಯಾಗಳನ್ನು ಕೇಳಬೇಕಾದದ್ದು: ಇಲ್ಲಿ ಎಷ್ಟು ದಿನದಿಂದ ಇದ್ದೀರಮ್ಮಾ? ಒಬ್ಬಳು ಮೂರು ವಾರ, ಇನ್ನೊಬ್ಬಳು ಎರಡು ತಿಂಗಳು, ಮತ್ತೊಬ್ಬಳು ನಿನ್ನೆ ಬಂದೆ ಎಂದರೆ, ಆ ಮನೆಯ ಸಂಬಳ, ರಜೆ, ಊಟ, ಮಲಗುವ ಜಾಗ ಎಲ್ಲದರ ಬಗ್ಗೆ ನಿಮಗೆ ತಿಳಿದಂತಾಯಿತು. ಅಜ್ಜಿ ಯಾವ ಮಗ್ಗುಲಿಗೆ ಮಲಗಿದರೆ ಕೆಮ್ಮುತ್ತಾಳೆ, ಯಾವ ತಾತನಿಗೆ ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಇಟ್ಟುಕೊಡಬೇಕು, ಇಂಥವು ರಿಜಿಸ್ಟರಿನಲ್ಲಿ ಇರುವುದಿಲ್ಲ, ಹಳೆಯ ಆಯಾಳ ತಲೆಯಲ್ಲಿ ಇರುತ್ತವೆ. ಅವಳು ಬಿಟ್ಟು ಹೋದ ದಿನ ಅವೂ ಹೋಗುತ್ತವೆ.

ಭಾಷೆಯದೂ ಒಂದು ಮಾತಿದೆ. ಬೆಂಗಳೂರಿನ ವಸತಿಗಳಲ್ಲಿ ಇವತ್ತು ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯ ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದಾರೆ. ಕಷ್ಟಪಟ್ಟು, ಪ್ರೀತಿಯಿಂದ ಮಾಡುವವರು ಅವರಲ್ಲಿ ಬಹಳ. ಒಮ್ಮೆ ನನ್ನ ಎದುರಿಗೇ ಒಬ್ಬ ಅಜ್ಜಿ ‘ಒಂದಕ್ಕೆ ಹೋಗ್ಬೇಕಮ್ಮಾ’ ಎಂದರು. ಬಂದು ಹತ್ತು ದಿನವಾಗಿದ್ದ ಹುಡುಗಿ ‘ಒಂದು’ ಎಂಬ ಪದ ಕಲಿತಿದ್ದಳು. ಓಡಿಹೋಗಿ ಒಂದು ಬಿಸ್ಕತ್ತು ತಂದಳು. ಅಜ್ಜಿ ಮತ್ತೆ ಹೇಳಿದರು, ಹುಡುಗಿ ಇನ್ನೊಂದು ಬಿಸ್ಕತ್ತು ತಂದಳು. ಅಷ್ಟರಲ್ಲಿ ಸೀರೆ ಒದ್ದೆಯಾಗಿತ್ತು. ಅಜ್ಜಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಆ ಹುಡುಗಿಯೂ ಅತ್ತಳು. ಇಬ್ಬರದೂ ತಪ್ಪಿಲ್ಲ. ಒಂದಕ್ಕೆ, ಎರಡಕ್ಕೆ, ಸಂಕಟ, ಸೆಳೆತ, ಬಾಯಾರಿಕೆ, ಇಂಥ ನಲವತ್ತು ಪದಗಳನ್ನು ಆ ಮಕ್ಕಳ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿ ಮೊದಲ ವಾರ ಕಲಿಸಲು ಎಷ್ಟು ಖರ್ಚಾಗುತ್ತದೆ? ಮರೆವಿನ ಕಾಯಿಲೆ ಬಂದವರು ಆಮೇಲೆ ಕಲಿತ ಭಾಷೆಗಳನ್ನು ಮರೆತು ತಾಯಿನುಡಿಗೆ ಮರಳುವುದುಂಟು. ಅವರಿಗೆ ಕನ್ನಡ ಮಾತಾಡುವವರು ಒಬ್ಬರಾದರೂ ಪ್ರತಿ ಪಾಳಿಯಲ್ಲಿ ಇರುವುದು ಆರೈಕೆಯ ಲೆಕ್ಕಕ್ಕೇ ಸೇರಬೇಕು.

ಒಳ್ಳೆಯ ಆರೈಕೆಯನ್ನೂ ಕಂಡಿದ್ದೇನೆ, ಅದನ್ನೂ ಹೇಳಬೇಕು. ಶೀಟಿನ ಮಾಡಿನ, ಬಡ ಮನೆಯೊಂದರಲ್ಲಿ ಸಂಜೆಯ ಊಟದ ಹೊತ್ತು. ನಡುವಯಸ್ಸಿನ ಆಯಾ ಒಬ್ಬರು ಸಣ್ಣ ಸ್ಟೂಲು ಎಳೆದುಕೊಂಡು, ಕಣ್ಣಿನ ಮಟ್ಟಕ್ಕೆ ಬರುವಂತೆ ಕುಳಿತು, ಒಬ್ಬ ತಾತನಿಗೆ ಸಾರಿನಲ್ಲಿ ಮಿದ್ದ ಅನ್ನ ತಿನ್ನಿಸುತ್ತಿದ್ದರು. ಅರ್ಧ ಚಮಚ. ತಾತನ ಗಂಟಲ ಗಂಟು ಮೇಲೆ ಹೋಗಿ ಇಳಿಯುವುದನ್ನು ನೋಡಿಯೇ ಮುಂದಿನ ಅರ್ಧ ಚಮಚ. ನಡುವೆ ಹೊಲದ ವಿಷಯ, ಮಳೆಯ ವಿಷಯ. ನಾನು ಗಡಿಯಾರ ನೋಡಿದೆ, 35 ನಿಮಿಷ. ತಿನ್ನಿಸಬೇಕಾದವರು ನಾಲ್ವರಿದ್ದರೆ ಎರಡು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತನ್ನು ಆ ಮನೆ ಅವರಿಗೆ ಕೊಟ್ಟಿತ್ತು. ಅವಸರ ಮಾಡಿದ್ದರೆ ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದಿತ್ತು.

ಮುಂದಿನ ವಿಷಯ ಇರುವವರ ಇಷ್ಟಾನಿಷ್ಟ.

1963ರಲ್ಲಿ ಸಿಡ್ನಿ ಕ್ಯಾಟ್ಜ್ ಮತ್ತು ಸಂಗಡಿಗರು ದಿನದ ಆರು ಕೆಲಸಗಳ ಒಂದು ಪಟ್ಟಿ ಪ್ರಕಟಿಸಿದರು: ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಇಂದಿಗೂ ವೃದ್ಧರ ಸ್ವಾವಲಂಬನೆಯನ್ನು ಅಳೆಯಲು ಇದನ್ನು ಬಳಸುತ್ತಾರೆ. ಒಳ್ಳೆಯ ಪಟ್ಟಿ. ಆದರೆ ಸ್ನಾನ ಯಾವಾಗ ಎಂದು ಯಾರು ತೀರ್ಮಾನಿಸಿದರು ಎಂಬ ಪ್ರಶ್ನೆ ಅದರಲ್ಲಿಲ್ಲ. ಬೆಳಗಿನ ಪಾಳಿ ಬರುವ ಮುನ್ನ ಸ್ನಾನಗಳು ಮುಗಿದಿರಬೇಕೆಂದು ನಸುಕಿನ ನಾಲ್ಕು ಗಂಟೆಗೆ ಹಿರಿಯರನ್ನು ಎಬ್ಬಿಸಿ ನೀರು ಹಾಕುವ ಮನೆಗಳಿವೆ. ಆರು ಗಂಟೆಗೆ ಎಲ್ಲರೂ ಮಡಿಬಟ್ಟೆಯಲ್ಲಿ ಸಾಲಾಗಿ ಕುಳಿತಿರುತ್ತಾರೆ, ನೋಡಲು ಚೆಂದ. ಡಿಸೆಂಬರಿನ ಚಳಿಯಲ್ಲಿ ಅದು ಶಿಕ್ಷೆ.

ಇದಕ್ಕಿಂತ ನನ್ನನ್ನು ಕಲಕುವುದು ಕೂದಲು. ಬಾಚುವುದು ಕಷ್ಟ, ಹೇನು ಬೀಳುತ್ತದೆ ಎಂದು ಹೆಂಗಸರ ಕೂದಲನ್ನು ಕೇಳದೆ ಕತ್ತರಿಸಿಬಿಡುತ್ತಾರೆ. ವಿಧವೆಯರ ತಲೆ ಬೋಳಿಸುತ್ತಿದ್ದ ಕಾಲವನ್ನು ತಮ್ಮ ಅಜ್ಜಿಯರ ಮುಖದಲ್ಲಿ ಕಂಡ ತಲೆಮಾರಿನವರು ಇವರು. ಆ ಕತ್ತರಿಯ ಸದ್ದು ಅವರಿಗೆ ಏನೆನಿಸುತ್ತದೆಂದು ಒಮ್ಮೆ ಯೋಚಿಸಿ. ಮಗನ ಸಹಿ ಇದೆ ಎನ್ನುತ್ತಾರೆ. ಕೂದಲು ಮಗನದಲ್ಲ.

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಃಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಮಾಡಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ಎರಡು ಮಹಡಿಗಳ 91 ಜನ. ಒಂದು ಮಹಡಿಯವರಿಗೆ, ನಿಮ್ಮ ಕೋಣೆಯ ವ್ಯವಸ್ಥೆ ನಿಮ್ಮ ತೀರ್ಮಾನ ಎಂದು ಹೇಳಿ, ತಾವೇ ನೀರೆರೆದು ಬೆಳೆಸಲು ಒಂದು ಗಿಡ ಆರಿಸಿಕೊಳ್ಳಲು ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ಸಿಬ್ಬಂದಿ. ಮೂರು ವಾರದ ಮೇಲೆ ಮೊದಲ ಮಹಡಿಯವರು ಹೆಚ್ಚು ಚುರುಕಾಗಿ, ಉಲ್ಲಾಸವಾಗಿ ಕಂಡರು. ಚಿಕ್ಕ ಪ್ರಯೋಗ ಅದು. ಅದರ ಮೇಲೆ ಬೆಟ್ಟ ಕಟ್ಟಬಾರದು. ಆದರೂ ನಮ್ಮ ಮನೆಗಳಲ್ಲಿ ಹೂ ಕಟ್ಟಬಲ್ಲ, ಅವರೆಕಾಯಿ ಸುಲಿಯಬಲ್ಲ, ಮಜ್ಜಿಗೆಗೆ ಎಷ್ಟು ಉಪ್ಪು ಎಂದು ಹೇಳಬಲ್ಲ ಹೆಂಗಸರನ್ನು ದಿನವಿಡೀ ಟಿ.ವಿ. ಮುಂದೆ ಕೂರಿಸಿರುವುದನ್ನು ಕಂಡಾಗ ನನಗೆ ಆ ಗಿಡದ ನೆನಪಾಗುತ್ತದೆ.

ಕೊನೆಯದಾಗಿ ಕಾನೂನು ಮತ್ತು ತಪಾಸಣೆ.

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಮಕ್ಕಳು ಕೊಡಬೇಕಾದ ಜೀವನಾಂಶದ ಮಾತು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯ 19ನೇ ಕಲಮು ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರಗಳು ಸ್ಥಾಪಿಸಬಹುದು, ಅವುಗಳಲ್ಲಿ ಇರಬೇಕಾದ ಸೇವೆಗಳ ಮಟ್ಟವನ್ನೂ ಗೊತ್ತುಪಡಿಸಬಹುದು ಎನ್ನುತ್ತದೆ. ‘ಬಹುದು’ ಎಂಬ ಆ ಪದದಲ್ಲೇ ನಾವು ಇಷ್ಟು ವರ್ಷ ನಿಂತಿದ್ದೇವೆ. 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಯಲ್ಲಿ ಹಿರಿಯರ ಆರೈಕೆಯ ಮನೆಗಳಿಗೆ ನೋಂದಣಿ, ಕನಿಷ್ಠ ಮಟ್ಟ ಎರಡೂ ಇದ್ದವು. ಅದು ಕಾಯ್ದೆಯಾಗಲಿಲ್ಲ.

ಬೇರೆಯವರ ಅನುಭವದಿಂದ ಕಲಿಯುವುದಿದೆ. ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ಗಳ ದುಃಸ್ಥಿತಿಯ ಬಗ್ಗೆ 1986ರಲ್ಲಿ ಅಲ್ಲಿನ ವೈದ್ಯಕೀಯ ಸಂಸ್ಥೆಯೊಂದು ವಿವರವಾದ ವರದಿ ಕೊಟ್ಟಿತು. ಮರುವರ್ಷವೇ ಸುಧಾರಣಾ ಕಾನೂನು ಬಂತು. ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕಬಾರದು ಎಂಬುದು ಅಲ್ಲಿ ಇರುವವರ ಹಕ್ಕಾಯಿತು. 2008ರಿಂದ ಪ್ರತಿ ಮನೆಗೂ ಒಂದರಿಂದ ಐದು ನಕ್ಷತ್ರ ಕೊಟ್ಟು ಸಾರ್ವಜನಿಕರಿಗೆ ತೋರಿಸುತ್ತಾರೆ. ತಪಾಸಣೆಯಲ್ಲಿ ಕಂಡದ್ದು, ಸಿಬ್ಬಂದಿಯ ಸಂಖ್ಯೆ, ಹುಣ್ಣು ಬೀಳುವಿಕೆಯಂಥ ಅಳತೆಗಳು ಅದಕ್ಕೆ ಆಧಾರ. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಸಿಬ್ಬಂದಿ ಎಷ್ಟಿದ್ದಾರೆಂದು ಮೊದಲು ಆ ಮನೆಗಳೇ ಬರೆದುಕೊಡುತ್ತಿದ್ದವು. 2018ರಲ್ಲಿ ಸಂಬಳದ ಪಟ್ಟಿಯಿಂದಲೇ ಲೆಕ್ಕ ತೆಗೆಯಲು ಶುರುಮಾಡಿದಾಗ, ಅನೇಕ ಮನೆಗಳಲ್ಲಿ ಹೇಳಿದ್ದಕ್ಕಿಂತ ಕಡಿಮೆ ಜನ ಇದ್ದದ್ದು, ಶನಿವಾರ ಭಾನುವಾರಗಳಲ್ಲಿ ಇನ್ನೂ ಕಡಿಮೆ ಇದ್ದದ್ದು ಬಯಲಾಯಿತು. ನಮ್ಮಲ್ಲಿ ನಾಳೆ ನಿಯಮ ಮಾಡುವವರು ಅರ್ಜಿ ನಮೂನೆಯ ಭರ್ತಿಯನ್ನು ನೆಚ್ಚಿಕೊಳ್ಳದೆ ಸಂಬಳದ ಪಟ್ಟಿ ಕೇಳಲಿ. ತಪಾಸಣೆಗೆ ಹೇಳದೆ ಹೋಗಲಿ, ರಾತ್ರಿ ಹೋಗಲಿ, ಹೋದವರಲ್ಲಿ ಒಬ್ಬರಾದರೂ ಶುಶ್ರೂಷಕಿ ಇರಲಿ. ಹೊದಿಕೆ ಸರಿಸಿ ನೋಡುವ ಅಭ್ಯಾಸ ನಮಗಿದೆ. ಈ ಕಾಲೇಜು ತನ್ನ ಮಕ್ಕಳನ್ನು ಸಮುದಾಯ ಶುಶ್ರೂಷೆಯ ಅಭ್ಯಾಸಕ್ಕೆ ಕಳಿಸುವಾಗ ಸುತ್ತಲಿನ ಎರಡು ವೃದ್ಧಾಶ್ರಮಗಳನ್ನು ಸೇರಿಸಿಕೊಳ್ಳಬೇಕೆಂದು ಪ್ರಾಂಶುಪಾಲರಲ್ಲಿ ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ. ಕಷ್ಟದಲ್ಲಿರುವ ಹಿರಿಯರನ್ನು ಕಂಡವರಿಗೆ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ಬರೆದಿಟ್ಟುಕೊಳ್ಳಿ.

ಅಮ್ಮನನ್ನು ಆ ವಸತಿಯಿಂದ ಬಿಡಿಸಿ ಬೇರೊಂದು ಕಡೆ ಸೇರಿಸಿದೆವು, ನೆಲಕ್ಕೆ ರೆಡ್ ಆಕ್ಸೈಡ್ ಇದ್ದ ಹಳೆಯ ಮನೆಯೊಂದಕ್ಕೆ. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಲಗಿಸುತ್ತಿದ್ದರು. ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ನಾನು ಭಾನುವಾರ ಹೋಗುವುದನ್ನು ಬಿಟ್ಟೆ. ಬುಧವಾರವೋ ಶುಕ್ರವಾರವೋ ಸಂಜೆ ಏಳಕ್ಕೆ, ಊಟದ ಹೊತ್ತಿಗೆ ಹೋಗುತ್ತಿದ್ದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ‘ಬನ್ನಿ ಅಕ್ಕ, ನೀವೂ ಎರಡು ತುತ್ತು ಊಟ ಮಾಡಿ’ ಎನ್ನುತ್ತಿದ್ದರು. ಮಂಚದ ಕಾಲ್ದೆಸೆಯಲ್ಲಿ ಕುಳಿತು, ಕಾಲ್ಚೀಲ ಬಿಚ್ಚಿ, ಪಾದವನ್ನು ಮಡಿಲಲ್ಲಿ ಇಟ್ಟುಕೊಂಡು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ‘ಎಣ್ಣೆ ಬೆಚ್ಚಗಿದೆ ಕಣೇ’ ಎನ್ನುತ್ತಿದ್ದಳು ಅಮ್ಮ, ಅವಳ ಪಾದಕ್ಕೆ ಅದು ತಿಳಿಯುತ್ತಿರಲಿಲ್ಲವಾದರೂ.